ಮೂಕಸಾಕ್ಷಿಯ ಚಿತ್ರಕಾರ

ವರ್ತಮಾನಪತ್ರಿಕೆಯ ಆಯುಷ್ಯ ಒಂದು ದಿನದ್ದು. ಬೆಳಿಗ್ಗೆ ಅದು ಲೋಕದ ಸುದ್ದಿ. ಮರುದಿನ ಸವಣೂರಿನ ಅಂಗಡಿಯಲ್ಲಿ ಖಾರಾ ಕಟ್ಟುವ ಕಾಗದ. ಅದರಲ್ಲಿ ಅಚ್ಚಾದ ಅಗ್ರಲೇಖನಕ್ಕೂ ಅದೇ ಗತಿ, ಕವಿತೆಗೂ ಅದೇ ಗತಿ. ಆದರೂ ಲೇಖನ-ಕವಿತೆಗಳನ್ನು ಯಾರಾದರೊಬ್ಬರು ಕತ್ತರಿಸಿ ಇಟ್ಟುಕೊಂಡಾರು, ಮುಂದೊಮ್ಮೆ ಗ್ರಂಥರೂಪದಲ್ಲಿ ಬಂದಾವು ಎಂಬ ಆಸೆಯುಂಟು. ದಿನದ ನಗೆಚಿತ್ರ ಬರೆಯುವವನಿಗೆ ಆ ಆಸೆಯೂ ಇಲ್ಲ. ಅವನ ವಸ್ತು ನಿನ್ನೆಯ ಮಂತ್ರಿ, ನಿನ್ನೆಯ ಭಾಷಣ, ನಿನ್ನೆ ಏರಿದ ಸಕ್ಕರೆಯ ಬೆಲೆ. ಮಂತ್ರಿ ಇಳಿದೊಡನೆ ಚಿತ್ರವೂ ಇಳಿಯುತ್ತದೆ. ಇಂಥ ಕ್ಷಣಿಕವಾದ ಕಲೆಯಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ಒಬ್ಬನೇ ಮನುಷ್ಯನನ್ನು ಮತ್ತೆ ಮತ್ತೆ ಬರೆದು, ಅವನ ಬಾಯಿಂದ ಒಂದು ಮಾತನ್ನೂ ಆಡಿಸದೆ, ಅವನನ್ನು ಇಡೀ ದೇಶದ ಬಂಧುವನ್ನಾಗಿ ಮಾಡಿದವರು ಮೈಸೂರಿನ ಆರ್. ಕೆ. ಲಕ್ಷ್ಮಣ್. ಅವರ ಬಾಳು, ಅವರ ದುಡಿಮೆ, ಅವರು ಸೃಷ್ಟಿಸಿದ ಆ ಮೂಕಸಾಕ್ಷಿಯ ಅರ್ಥ, ಇವುಗಳನ್ನು ವಾಚಕರ ಮುಂದಿಡುವುದು ಈ ಬರೆಹದ ಉದ್ದೇಶ.

ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರಿನಲ್ಲಿ, ಮೈಸೂರಿನಲ್ಲಿ. ಮನೆಯ ಮಾತು ತಮಿಳು, ಊರು ಕನ್ನಡದ್ದು, ಓದು ಇಂಗ್ಲಿಷಿನದು. ತಂದೆ ಶಾಲೆಯ ಮುಖ್ಯೋಪಾಧ್ಯಾಯರು. ಗಂಡುಮಕ್ಕಳಲ್ಲಿ ಇವರು ಎಲ್ಲರಿಗಿಂತ ಕಿರಿಯರು. ಮಾಲ್ಗುಡಿಯ ಕಥೆಗಾರ ಆರ್. ಕೆ. ನಾರಾಯಣ್ ಇವರಿಗಿಂತ ಹದಿನೈದು ವರ್ಷ ದೊಡ್ಡವರಾದ ಅಣ್ಣ. ಅಕ್ಷರ ಓದಲು ಬರುವ ಮೊದಲೇ ಈ ಹುಡುಗನು ಮನೆಗೆ ಬರುತ್ತಿದ್ದ 'ಪಂಚ್', 'ಸ್ಟ್ರಾಂಡ್' ಮೊದಲಾದ ವಿಲಾಯತಿ ಪತ್ರಿಕೆಗಳ ಚಿತ್ರಗಳನ್ನು ನೋಡುತ್ತ ಕೂಡುತ್ತಿದ್ದನಂತೆ. ನೋಡಿದ್ದನ್ನು ನೆಲದ ಮೇಲೆ, ಗೋಡೆಯ ಮೇಲೆ, ಬಾಗಿಲಿನ ಮೇಲೆ ಬರೆಯತೊಡಗಿದನು. ಮನೆಯವರು ಸಹಿಸಿಕೊಂಡರು. ಗೋಡೆ ಕೆಡಿಸಿದ ಹುಡುಗನಿಗೆ ಬೆತ್ತ ತೋರಿಸದ ಮನೆ ಆ ಕಾಲದಲ್ಲಿ ಅಪರೂಪವೆಂದೇ ಹೇಳಬೇಕು.

ಶಾಲೆಯಲ್ಲಿ ಒಂದು ದಿನ ಮಾಸ್ತರರು ಮಕ್ಕಳಿಗೆ ಎಲೆಯ ಚಿತ್ರ ಬರೆಯಲು ಹೇಳಿದರು. ಲಕ್ಷ್ಮಣ್ ಬರೆದದ್ದು ಅರಳಿ ಎಲೆ. ಮಾಸ್ತರರು ಅದನ್ನು ಕಂಡು ಹೊಗಳಿದರು. ಅಂದಿನಿಂದ ತಾನೊಬ್ಬ ಚಿತ್ರಕಾರನಾಗಲಿರುವವನೆಂದು ತನ್ನನ್ನು ತಾನು ಎಣಿಸಿಕೊಂಡೆನೆಂದು ಲಕ್ಷ್ಮಣ್ ಮುಂದೆ ಬರೆದುಕೊಂಡಿದ್ದಾರೆ. ಅರಳಿ ಎಲೆಯನ್ನು ನೋಡದ ಮಗು ನಮ್ಮ ನಾಡಿನಲ್ಲಿಲ್ಲ. ಆದರೆ ಅದರ ಬಾಲದಂಥ ತುದಿ ಎಷ್ಟು ನೀಳ, ನರಗಳು ಎಲ್ಲಿಂದ ಕವಲೊಡೆಯುತ್ತವೆ, ತೊಟ್ಟು ಹೇಗೆ ಬಾಗಿದೆ ಎಂದು ಕೇಳಿದರೆ ಹಿರಿಯರೂ ತಡವರಿಸುತ್ತಾರೆ. ದಿನವೂ ಕಣ್ಣಿಗೆ ಬೀಳುವುದನ್ನು ನಾವು ನೋಡುವುದಿಲ್ಲ, ಬೀಳುತ್ತದೆ, ಅಷ್ಟೆ. ಲಕ್ಷ್ಮಣ್‌ರ ಕಲೆಯ ಬೇರು ಇಲ್ಲಿದೆ ಎಂದು ನನ್ನ ನಂಬಿಕೆ. ಕಾಗೆಯ ಮೇಲೆ ಅವರಿಗಿದ್ದ ಜೀವಮಾನದ ಪ್ರೀತಿಯೂ ಇದೇ ಬೇರಿನದು. ನಾವು ಶನಿಯ ವಾಹನವೆಂದು ಹಳಿದು, ಶ್ರಾದ್ಧದ ದಿನ ಮಾತ್ರ ಕೈಮಾಡಿ ಕರೆಯುವ ಆ ಹಕ್ಕಿಯನ್ನು ಅವರು ಬಾಲ್ಯದಿಂದ ಮುಪ್ಪಿನವರೆಗೆ ನೋಡಿದರು, ಬರೆದರು. ಅದರ ಕತ್ತಿನ ಓರೆ, ಕಣ್ಣಿನ ಸಂಶಯ, ಹೆಜ್ಜೆಯ ಜಾಣತನ ಅವರ ಕುಂಚಕ್ಕೆ ಬೇಸರ ತರಲಿಲ್ಲ.

ಆ ದಿನಗಳಲ್ಲಿ ಇಂಗ್ಲೆಂಡಿನ ಪ್ರಸಿದ್ಧ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಚಿತ್ರಗಳು ಮದ್ರಾಸಿನ 'ಹಿಂದೂ' ಪತ್ರಿಕೆಯಲ್ಲಿ ಬರುತ್ತಿದ್ದವು. ಬಾಲಕ ಲಕ್ಷ್ಮಣನಿಗೆ ಅವು ಗುರುವಾದವು. ಚಿತ್ರದ ಕೆಳಗಿನ ಸಹಿಯನ್ನು ಅವನು ಬಹುಕಾಲ 'ಕೌ', ಅಂದರೆ ಹಸು, ಎಂದೇ ಓದಿಕೊಂಡಿದ್ದನಂತೆ. ಹೆಸರು ತಿಳಿಯದ ಗುರುವಿನಿಂದ ರೇಖೆಯನ್ನು ಕಲಿತ ಈ ಏಕಲವ್ಯನಿಗೆ ಹೆಬ್ಬೆರಳನ್ನು ಕೇಳುವವರೂ ಮುಂದೆ ಸಿಕ್ಕರು. ಹೈಸ್ಕೂಲು ಮುಗಿದ ಮೇಲೆ ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ತಮ್ಮಲ್ಲಿ ಪ್ರವೇಶ ಪಡೆಯಲು ಬೇಕಾದ ಪ್ರತಿಭೆ ಈ ಚಿತ್ರಗಳಲ್ಲಿಲ್ಲವೆಂದು ಅಲ್ಲಿಂದ ಉತ್ತರ ಬಂದಿತು. ಲಕ್ಷ್ಮಣ್ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ ಬಿ. ಎ. ಪದವೀಧರರಾದರು.

ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನನಗೆ ಈ ಎರಡು ಸಂಗತಿಗಳು ಒಟ್ಟಿಗೇ ನೆನಪಾಗುತ್ತವೆ: ಒಂದು ಅರಳಿ ಎಲೆ, ಒಂದು ನಿರಾಕರಣೆಯ ಪತ್ರ. ಹೆಸರು ಉಳಿಯದ ಶಾಲಾಮಾಸ್ತರರೊಬ್ಬರು ಹುಡುಗನಲ್ಲಿ ಕಂಡದ್ದು ಹೆಸರಾಂತ ಸಂಸ್ಥೆಗೆ ಕಾಣಲಿಲ್ಲ. ಸಂಸ್ಥೆಯನ್ನು ದೂರುವುದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಅಳತೆಗೋಲು ಕೈಯಲ್ಲಿರುವವರಿಗೆಲ್ಲ ಈ ಅಪಾಯ ಇದ್ದೇ ಇದೆ. ಆದರೆ ಒಳ್ಳೆಯ ಮಾತೊಂದು ಎಷ್ಟು ದೂರ ನಡೆಯಬಲ್ಲದೆಂಬುದಕ್ಕೆ ಇದಕ್ಕಿಂತ ಮೇಲಾದ ದೃಷ್ಟಾಂತ ನನಗೆ ತಿಳಿದಿಲ್ಲ.

ಕಾಲೇಜಿನಲ್ಲಿರುವಾಗಲೇ ಲಕ್ಷ್ಮಣ್‌ರ ಕೈಗೆ ಕೆಲಸ ಬಂದಿತ್ತು. ಅಣ್ಣನ ಕಥೆಗಳಿಗೆ 'ಹಿಂದೂ' ಪತ್ರಿಕೆಯಲ್ಲಿ ಚಿತ್ರ ಬರೆದರು. ಕನ್ನಡಿಗರು ಮರೆಯಬಾರದ ಸಂಗತಿಯೊಂದಿದೆ: ಡಾ. ಎಂ. ಶಿವರಾಮ್, ನಮ್ಮೆಲ್ಲರ ರಾ. ಶಿ., 1942ರಲ್ಲಿ ಹೊರಡಿಸಿದ 'ಕೊರವಂಜಿ' ಎಂಬ ಹಾಸ್ಯಪತ್ರಿಕೆಗೆ ಲಕ್ಷ್ಮಣ್ ಚಿತ್ರಗಳನ್ನು ಬರೆದುಕೊಟ್ಟರು. ಕಾಲು ಶತಮಾನ ನಡೆದ ಆ ಪತ್ರಿಕೆ ಕನ್ನಡದಲ್ಲಿ ಸಭ್ಯವಾದ ನಗೆಗೆ ಒಂದು ಮನೆ ಕಟ್ಟಿಕೊಟ್ಟಿತು. ಮುಂದೆ ಇಂಗ್ಲಿಷ್ ಪತ್ರಿಕೆಯಿಂದ ಲೋಕಪ್ರಸಿದ್ಧವಾದ ಕೈ ತನ್ನ ಎಳೆತನದಲ್ಲಿ ಆ ಮನೆಯ ಜಗಲಿಯಲ್ಲಿ ಪಳಗಿತೆಂಬುದು ನಮಗೆ ಹೆಮ್ಮೆಯ ವಿಷಯ.

ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಕೆಲಕಾಲ ಕೆಲಸ ಮಾಡಿ, ಲಕ್ಷ್ಮಣ್ ಮುಂಬಯಿ ಸೇರಿದರು. ಅವರ ಮೊದಲ ಪೂರ್ಣಾವಧಿ ಉದ್ಯೋಗ 'ಫ್ರೀ ಪ್ರೆಸ್ ಜರ್ನಲ್' ಪತ್ರಿಕೆಯಲ್ಲಿ. ಮುಂದೆ ಮಹಾರಾಷ್ಟ್ರದ ರಾಜಕಾರಣದಲ್ಲಿ ಹೆಸರಾದ ಬಾಳ ಠಾಕರೆಯವರು ಅಲ್ಲಿ ಇವರ ಜತೆಯ ವ್ಯಂಗ್ಯಚಿತ್ರಕಾರರಾಗಿದ್ದರು. ಕಮ್ಯುನಿಸ್ಟರನ್ನು ಗೇಲಿ ಮಾಡಬಾರದೆಂದು ಮಾಲೀಕರು ಹೇಳಿದಾಗ ಲಕ್ಷ್ಮಣ್ ಆ ಕೆಲಸವನ್ನು ಬಿಟ್ಟು ಎದ್ದುಬಂದರು; 1947ರಲ್ಲಿ 'ಟೈಮ್ಸ್ ಆಫ್ ಇಂಡಿಯಾ' ಸೇರಿದರು. ದೇಶ ಸ್ವತಂತ್ರವಾದ ವರ್ಷವೇ ಅವರಿಗೂ ಸ್ವಂತದ ಮೇಜು ಸಿಕ್ಕಿತು. ಬಾಳಿನ ಉಳಿದ ದುಡಿಮೆಯೆಲ್ಲ ಆ ಮೇಜಿನ ಮೇಲೆಯೇ ನಡೆಯಿತು.

1951ರಲ್ಲಿ 'ಯೂ ಸೆಡ್ ಇಟ್' ಎಂಬ ಒಂದು ಅಂಕಣದಗಲದ ಸಣ್ಣ ನಗೆಚಿತ್ರ ಆರಂಭವಾಯಿತು. ದೇಶದ ಸಾಮಾನ್ಯ ಪ್ರಜೆಯನ್ನು ತೋರಿಸಲು ಲಕ್ಷ್ಮಣ್ ಮೊದಲು ಬಂಗಾಲಿ, ಪಂಜಾಬಿ, ತಮಿಳ, ಮರಾಠಿ ಹೀಗೆ ಬಗೆಬಗೆಯ ಜನರನ್ನು ಬರೆಯುತ್ತಿದ್ದರು. ಪತ್ರಿಕೆಯ ಗಡುವು ಮುಟ್ಟುವ ಅವಸರದಲ್ಲಿ ಗುಂಪು ಕರಗುತ್ತ ಬಂದಿತು. ಒಬ್ಬೊಬ್ಬರನ್ನೇ ಕೈಬಿಡುತ್ತ ಹೋಗಿ ಕಡೆಗೆ ಒಬ್ಬನೇ ಉಳಿದನು. ಬೋಳುತಲೆ, ಅದರ ಹಿಂಬದಿಗೆ ನಾಲ್ಕು ಬಿಳಿಗೂದಲು. ಮೂಗಿನ ಮೇಲೆ ಕನ್ನಡಕ, ಕೆಳಗೆ ಪೊದೆಮೀಸೆ. ಚೌಕಳಿಯ ಕೋಟು, ಧೋತರ. ಒಮ್ಮೊಮ್ಮೆ ಕೈಯಲ್ಲಿ ಕೊಡೆ. ಬೇಡವಾದುದನ್ನೆಲ್ಲ ಕಳೆದ ಮೇಲೆ ಉಳಿದದ್ದು ಈತ. ಶಿಲ್ಪಿಯ ಕೆಲಸವೂ ಇದೇ ಅಲ್ಲವೆ?

ಇಲ್ಲಿ ನನ್ನ ಊರಿನ ಮಾತನ್ನು ಸ್ವಲ್ಪ ಹೇಳಬೇಕು. ನಾನು ಯಲವಿಗಿಯವನು. ಸವಣೂರ ತಾಲೂಕಿನ ಈ ಗ್ರಾಮಕ್ಕೆ ಇರುವ ದೊಡ್ಡ ಸಂಪತ್ತು ರೈಲು ನಿಲ್ದಾಣ. 1956ರ ನವೆಂಬರ್ 1ರವರೆಗೆ ನಾವು ಮುಂಬಯಿ ರಾಜ್ಯದ ಪ್ರಜೆಗಳು. ಕಚೇರಿಯ ಕಾಗದ ಬರುತ್ತಿದ್ದುದು ಅಲ್ಲಿಂದ, ಪಂಚಾಂಗದಲ್ಲಿ ಇಲ್ಲದ ಸುದ್ದಿ ಬರುತ್ತಿದ್ದುದೂ ಅಲ್ಲಿಂದ. ಏಕೀಕರಣವಾದ ಮೇಲೆಯೂ ಮುಂಬಯಿಯ ಇಂಗ್ಲಿಷ್ ಪತ್ರಿಕೆ ಒಂದು ದಿನ ತಡವಾಗಿ ರೈಲಿನಲ್ಲಿ ಬಂದು ನಿಲ್ದಾಣದ ಸಿಬ್ಬಂದಿಯ ಮೇಜಿನ ಮೇಲೆ ಬೀಳುತ್ತಿತ್ತು. ಶಾಲೆಯ ಹುಡುಗರಾದ ನಮಗೆ ಅದರ ಅಕ್ಷರಗಳು ಅರ್ಥವಾಗುತ್ತಿರಲಿಲ್ಲ. ಮೊದಲ ಪುಟದ ಆ ಪುಟ್ಟ ಚಿತ್ರ ಮಾತ್ರ ಅರ್ಥವಾಗುತ್ತಿತ್ತು. ಏಕೆಂದರೆ ಆ ಮನುಷ್ಯ ನಮಗೆ ಗುರುತಿನವನು. ಪ್ಯಾಸೆಂಜರು ಗಾಡಿಗಾಗಿ ಕಾಯುತ್ತ ಬಾಕಿನ ಮೇಲೆ ಕೂತಿರುವವನು ಅವನೇ; ಹಾವೇರಿಯ ಕೋರ್ಟಿನಲ್ಲಿ ತಾರೀಖು ಬಿದ್ದು ಮರಳಿ ಬರುವವನು ಅವನೇ. ಒಂದೇ ಒಂದು ವ್ಯತ್ಯಾಸ: ನಮ್ಮ ಕಡೆಯ ಹಿರಿಯರು ರುಮಾಲು ಇಲ್ಲವೆ ಟೊಪ್ಪಿಗೆಯಿಲ್ಲದೆ ಊರ ಅಗಸೆ ದಾಟುತ್ತಿರಲಿಲ್ಲ. ಬರಿದಲೆಯ ಈ ಹಿರಿಯ ಯಾವ ಊರಿನವನೋ ಎಂದು ನಾವು ಚರ್ಚಿಸುತ್ತಿದ್ದೆವು.

ಲಕ್ಷ್ಮಣ್‌ರ ಹೆಸರು ತಿಳಿಯದೆಯೂ ಅವರ ಚಿತ್ರವನ್ನು ಬಲ್ಲವರು ನಮ್ಮ ಸೀಮೆಯಲ್ಲಿ ಬಹಳ. ಏಷ್ಯನ್ ಪೇಂಟ್ಸ್ ಕಂಪನಿಗಾಗಿ 1954ರಲ್ಲಿ ಅವರು ಬರೆದ, ಕೈಯಲ್ಲಿ ಬಣ್ಣದ ಡಬ್ಬಿ ಮತ್ತು ಬ್ರಷ್ಷು ಹಿಡಿದ, ಹಣೆಯ ಮೇಲೆ ಕೂದಲು ಇಳಿಬಿಟ್ಟ ತುಂಟ ಹುಡುಗ ಗಟ್ಟು ಎಷ್ಟೋ ಹಾರ್ಡ್‌ವೇರ್ ಅಂಗಡಿಗಳ ಫಲಕದ ಮೇಲೆ ನಿಂತಿದ್ದನು. ಗುರುದತ್ತರ 1955ರ 'ಮಿಸ್ಟರ್ ಅಂಡ್ ಮಿಸೆಸ್ 55' ಚಲಚ್ಚಿತ್ರದಲ್ಲಿ ನಾಯಕನು ವ್ಯಂಗ್ಯಚಿತ್ರಕಾರ; ತೆರೆಯ ಮೇಲೆ ಚಿತ್ರ ಬರೆಯುವ ಕೈ ಲಕ್ಷ್ಮಣ್‌ರದು. ಮುಂದೆ ಶಂಕರನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ ದೂರದರ್ಶನಕ್ಕೆ ಕೊಟ್ಟ 'ಮಾಲ್ಗುಡಿ ಡೇಸ್' ಮಾಲಿಕೆಯಲ್ಲಿ ಅಣ್ಣನ ಕಥೆಗೆ ತಮ್ಮನ ರೇಖೆಗಳು ಮತ್ತೆ ಜತೆಯಾದವು.

ಇನ್ನು ಆ ಮನುಷ್ಯನ ಮೌನದ ವಿಚಾರ. ನಮ್ಮ ಹಾಸ್ಯಪರಂಪರೆಯಲ್ಲಿ ನಗಿಸುವವನು ಮಾತಿನ ಮಲ್ಲ. ಸಂಸ್ಕೃತ ನಾಟಕದ ವಿದೂಷಕ, ದೊಡ್ಡಾಟದ ಸಾರಥಿ, ಯಕ್ಷಗಾನದ ಹಾಸ್ಯಗಾರ, ಇವರೆಲ್ಲ ಬಾಯಿಯಿಂದಲೇ ಬದುಕುವವರು. ರಾಜನಿಗೆ ಹೇಳಲಾಗದ ಮಾತನ್ನು ಹೇಳುವುದೇ ಅವರ ಪದವಿ. ಲಕ್ಷ್ಮಣ್ ಈ ಕಟ್ಟಳೆಯನ್ನು ತಲೆಕೆಳಗು ಮಾಡಿದರು. ಅವರ ಚಿತ್ರಗಳಲ್ಲಿ ಮಾತಾಡುವವರು ಮಂತ್ರಿಗಳು, ಅಧಿಕಾರಿಗಳು, ಗುತ್ತಿಗೆದಾರರು, ಪಕ್ಷದ ಕಾರ್ಯಕರ್ತರು. ಶ್ರೀಸಾಮಾನ್ಯನು ಮೂಲೆಯಲ್ಲಿ ನಿಂತು ಕೇಳುತ್ತಾನೆ. ಅವನ ಹೆಂಡತಿ ಆಡಬೇಕಾದುದನ್ನು ಆಡಿಬಿಡುತ್ತಾಳೆ. ಅವನಿಗೆ ಅದೂ ಇಲ್ಲ. ಅಂಕಣದ ಹೆಸರೋ 'ನೀವೇ ಅಂದಿರಿ' ಎಂಬರ್ಥದ್ದು! ಹಾಸ್ಯದ ಮರ್ಮ ಇಲ್ಲಿದೆ. ಅಧಿಕಾರದಲ್ಲಿದ್ದವನು ತನ್ನ ಮಾತಿನಿಂದ ತಾನೇ ಬಯಲಾಗುತ್ತಾನೆ. ಅವನನ್ನು ಅಪರಾಧಿಯೆಂದು ಸಾರುವ ವಕೀಲನ ಅಗತ್ಯವಿಲ್ಲ. ಸಾಕ್ಷಿ ಎದುರಿಗಿದ್ದರೆ ಸಾಕು. ಸಾಕ್ಷಿಯ ಹುಬ್ಬು ಕೊಂಚ ಮೇಲೇರಿದರೆ ತೀರ್ಪು ಬಂದಂತೆಯೇ.

ಹೊರನಾಡಿನ ಒಂದು ಹೋಲಿಕೆಯಿಂದ ಇದು ಇನ್ನೂ ಸ್ಪಷ್ಟವಾದೀತು. ಜಪಾನಿನಲ್ಲಿ ಚಿತ್ರಕಥೆಗೆ 'ಮಾಂಗಾ' ಎನ್ನುತ್ತಾರೆ. ಲಕ್ಷ್ಮಣ್‌ರಿಗಿಂತ ಒಂದು ವರ್ಷ ಮುಂಚೆ ಹುಟ್ಟಿದ ಹಸೆಗಾವಾ ಮಾಚಿಕೋ ಎಂಬಾಕೆ 1946ರಲ್ಲಿ 'ಸಜಾಏ-ಸಾನ್' ಎಂಬ ನಾಲ್ಕು ಚೌಕಗಳ ಪತ್ರಿಕಾಚಿತ್ರಮಾಲೆಯನ್ನು ಆರಂಭಿಸಿ 1974ರವರೆಗೆ ನಡೆಸಿದರು. ಯುದ್ಧದಲ್ಲಿ ಸೋತು ಬಡವಾಗಿದ್ದ ದೇಶದಲ್ಲಿ ಒಂದು ಸಾಧಾರಣ ಕುಟುಂಬದ ಗೃಹಿಣಿ ಹೇಗೆ ನಗುನಗುತ್ತ ದಿನ ದೂಡಿದಳೆಂಬುದು ಅದರ ವಸ್ತು. ಸಜಾಏಗೆ ವಯಸ್ಸಾಗುವುದಿಲ್ಲ, ನಮ್ಮ ಶ್ರೀಸಾಮಾನ್ಯನಿಗೂ ಆಗಲಿಲ್ಲ. ಆದರೆ ಆಕೆ ಮನೆಯೊಳಗಿನವಳು, ಗಟ್ಟಿಗಿತ್ತಿ, ವಾಚಾಳಿ. ಈತ ಬೀದಿಯವನು, ಸಭೆಯಲ್ಲಿ, ಕಚೇರಿಯಲ್ಲಿ, ವಿಮಾನನಿಲ್ದಾಣದಲ್ಲಿ, ನೆರೆಪೀಡಿತ ಹಳ್ಳಿಯಲ್ಲಿ ಕರೆಯದೆಯೂ ಬಂದು ನಿಂತವನು. ಹೊಸದಾಗಿ ಬದುಕು ಕಟ್ಟಿಕೊಳ್ಳುತ್ತಿದ್ದ ಜನಕ್ಕೆ ಜಪಾನಿನಲ್ಲಿ ಬೇಕಾದದ್ದು ಒಬ್ಬ ಸಂಗಾತಿ. ಹೊಸದಾಗಿ ರಾಜ್ಯ ಕಟ್ಟಿಕೊಳ್ಳುತ್ತಿದ್ದ ನಮಗೆ ಬೇಕಾದದ್ದು ಒಬ್ಬ ಸಾಕ್ಷಿ. ಇಬ್ಬರು ಚಿತ್ರಕಾರರೂ ತಮ್ಮ ಜನದ ಅಗತ್ಯವನ್ನು ಅರಿತಿದ್ದರು.

ಇಷ್ಟು ಸಲೀಸಾಗಿ ಕಾಣುವ ಚಿತ್ರದ ಹಿಂದಿನ ಶ್ರಮವನ್ನು ಅರಿತವರು ಕಡಿಮೆ. ಬೆಳಿಗ್ಗೆ ಕಚೇರಿಗೆ ಬಂದು ಪತ್ರಿಕೆಗಳನ್ನೆಲ್ಲ ಓದುವುದು, ತಾಸುಗಟ್ಟಲೆ ಖಾಲಿ ಹಾಳೆಯನ್ನು ದಿಟ್ಟಿಸುವುದು, ಹೊಳೆಯದಿದ್ದರೆ ಸಂಕಟಪಡುವುದು, ಹೊಳೆದ ಮೇಲೆ ಕುಂಚವನ್ನು ಮಸಿಯಲ್ಲಿ ಅದ್ದುವುದು. ಮರುದಿನ ಮತ್ತೆ ಮೊದಲಿನಿಂದ. ಕವಿಗೆ ಸ್ಫೂರ್ತಿ ಬಾರದಿದ್ದರೆ ತಿಂಗಳು ಸುಮ್ಮನಿರಬಹುದು. ಈತನ ಸ್ಫೂರ್ತಿ ಸಾಯಂಕಾಲದೊಳಗೆ ಬರಲೇಬೇಕು. ಅವರ ರೇಖೆಯ ವೇಗವನ್ನು ಮೆಚ್ಚುವ ವಿದ್ಯಾರ್ಥಿಗಳು ಆ ವೇಗದ ಹಿಂದಿದ್ದ ತಾಸುಗಳನ್ನೂ ಎಣಿಸಬೇಕು.

ಆಳುವವರು ಈ ನಗೆಯನ್ನು ಹೇಗೆ ಸ್ವೀಕರಿಸಿದರು? 1962ರ ಚೀನಾ ಯುದ್ಧದ ಬಳಿಕ ಲಕ್ಷ್ಮಣ್ ನೆಹರೂ ಅವರನ್ನು ಚುಚ್ಚಿ ಚಿತ್ರ ಬರೆದರು. ಪ್ರಧಾನಿಯೇ ಫೋನು ಮಾಡಿ ಚಿತ್ರ ತಮಗೆ ಹಿಡಿಸಿತೆಂದು ಹೇಳಿ, ಸಹಿ ಹಾಕಿದ ದೊಡ್ಡ ಪ್ರತಿಯನ್ನು ಕೇಳಿದರೆಂದು ಲಕ್ಷ್ಮಣ್ ನೆನೆದಿದ್ದಾರೆ. ಹದಿಮೂರು ವರ್ಷಗಳ ತರುವಾಯ, 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂದಾಗ, ಪತ್ರಿಕೆಗಳ ಮೇಲೆ ಸೆನ್ಸಾರು ಕೂತಿತು. ಎಚ್ಚರಿಕೆಯ ಮಾತು ಲಕ್ಷ್ಮಣ್‌ರನ್ನೂ ಮುಟ್ಟಿತು. ಅಲ್ಲಿಯವರೆಗೆ ಮಾತಾಡಲು ಇಷ್ಟವಿಲ್ಲದೆ ಸುಮ್ಮನಿದ್ದ ಶ್ರೀಸಾಮಾನ್ಯನು ಆಗ ಮಾತಾಡಗೊಡದ್ದರಿಂದ ಸುಮ್ಮನಿರಬೇಕಾಯಿತು. ಹೊರಗಿನಿಂದ ನೋಡಿದರೆ ಎರಡು ಮೌನಗಳೂ ಒಂದೇ. ಆದರೆ 1977ರ ಚುನಾವಣೆಯಲ್ಲಿ ದೇಶದ ಮೂಕಸಾಕ್ಷಿಗಳು ಮತಪೆಟ್ಟಿಗೆಯ ಬಳಿ ನುಡಿದದ್ದನ್ನು ಬಲ್ಲ ನಾವು, ಅವೆರಡರ ಅಂತರವನ್ನು ಮಕ್ಕಳಿಗೆ ತಿಳಿಸಿ ಹೇಳಬೇಕಾಗಿದೆ.

ಒಂದು ಆಕ್ಷೇಪವನ್ನೂ ಇಲ್ಲಿ ಎತ್ತದಿದ್ದರೆ ನ್ಯಾಯವಾಗದು. ಕುವೆಂಪು ಅವರಿಂದ ಕನ್ನಡದಲ್ಲಿ ನೆಲೆಗೊಂಡ 'ಶ್ರೀಸಾಮಾನ್ಯ' ಎಂಬ ಪದದಲ್ಲಿ ಒಂದು ಗೌರವವಿದೆ, ಒಂದು ಏರುದನಿಯಿದೆ. ಅವನು ತಲೆಯೆತ್ತಿ ನಡೆಯುವವನು. ಲಕ್ಷ್ಮಣ್‌ರ ಮನುಷ್ಯನಲ್ಲಿ ಆ ಏರುದನಿಯಿಲ್ಲ. ಅವನು ಕನ್ನಡಕದ, ಕೋಟಿನ, ಪಟ್ಟಣದ ಮಧ್ಯಮವರ್ಗದ ಹಿರಿಯ. ಶಿಗ್ಗಾಂವಿಯ ಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳು ತಾನೂ ಈ ಚಿತ್ರದಲ್ಲಿದ್ದೇನೆಂದು ಹೇಳಬಲ್ಲಳೆ? ಊರ ಹೊರಗೆ ಇರಿಸಲ್ಪಟ್ಟವನು ಹೇಳಬಲ್ಲನೆ? ಬಡವರು ಲಕ್ಷ್ಮಣ್‌ರ ಚಿತ್ರಗಳಲ್ಲಿ ಬರುತ್ತಾರೆ, ಚೂಪಾದ ಮಾತನ್ನೂ ಆಡುತ್ತಾರೆ, ನಿಜ. ಆದರೆ ಸಾಕ್ಷಿಯ ಸ್ಥಾನದಲ್ಲಿ ನಿಂತವನು ಆ ಒಬ್ಬನೇ. ಜೊತೆಗೆ ಇನ್ನೊಂದು ಪ್ರಶ್ನೆ: ಪ್ರಜಾಪ್ರಭುತ್ವದಲ್ಲಿ ಐವತ್ತು ವರ್ಷ ಸುಮ್ಮನೆ ನೋಡುತ್ತ ನಿಲ್ಲುವುದು ಗುಣವೋ, ದೋಷವೋ? ನನ್ನ ವಿದ್ಯಾರ್ಥಿಗಳು ಇದನ್ನು ತರಗತಿಯಲ್ಲಿ ಕೇಳಿದ್ದುಂಟು. ಗಡುವಿನ ಅವಸರದಲ್ಲಿ ಗುಂಪಿನಿಂದ ಕೈಬಿಟ್ಟುಹೋದವರ ಲೆಕ್ಕವನ್ನು ಈ ಕಲೆ ಪೂರ್ತಿಯಾಗಿ ಒಪ್ಪಿಸಲಾರದೆಂದು ನಾನು ಒಪ್ಪುತ್ತೇನೆ. ಆದರೆ ಮೌನದ ಪ್ರಶ್ನೆಗೆ ನನ್ನ ಉತ್ತರ ಬೇರೆ. ಆ ಮನುಷ್ಯ ಸುಮ್ಮನಿದ್ದಾನೆ, ಕಣ್ಣು ಮುಚ್ಚಿಲ್ಲ. ಅವನು ಮಾತಾಡಿಬಿಟ್ಟಿದ್ದರೆ ಓದುಗನು ನಕ್ಕು ಪುಟ ತಿರುವುತ್ತಿದ್ದನು. ಅವನು ಆಡದೆ ಉಳಿಸಿದ ಮಾತು ಓದುಗನ ಬಾಯಿಗೆ ಬಂದು ನಿಲ್ಲುತ್ತದೆ. ಆಡುವ ಹೊಣೆ ಓದುಗನದಾಗುತ್ತದೆ.

ಮನ್ನಣೆಗಳು ಅವರನ್ನು ಹುಡುಕಿಕೊಂಡು ಬಂದವು: 1973ರಲ್ಲಿ ಪದ್ಮಭೂಷಣ, 1984ರಲ್ಲಿ ರಾಮೋನ್ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ. ಶ್ರೀಸಾಮಾನ್ಯನಿಗೂ ಪಾಲು ಸಂದಿತು. 1988ರಲ್ಲಿ ಅವನು ಅಂಚೆಚೀಟಿಯ ಮೇಲೆ ಬಂದನು. ಪುಣೆಯ ಸಿಂಬಯೋಸಿಸ್ ಸಂಸ್ಥೆಯ ಆವರಣದಲ್ಲಿ, ಮುಂಬಯಿಯ ವರ್ಲಿ ಕಡಲದಂಡೆಯಲ್ಲಿ ಲೋಹದ ಮೂರ್ತಿಯಾಗಿ ನಿಂತನು. ದೊರೆಗಳ, ದಂಡನಾಯಕರ ಮೂರ್ತಿಗಳು ತುಂಬಿದ ನಮ್ಮ ನಗರಗಳಲ್ಲಿ ಏನನ್ನೂ ಗೆಲ್ಲದವನ ಮೂರ್ತಿ ಇದು. ಲಕ್ಷ್ಮಣ್ ಕಾದಂಬರಿಗಳನ್ನೂ, 1998ರಲ್ಲಿ 'ದಿ ಟನಲ್ ಆಫ್ ಟೈಮ್' ಎಂಬ ಆತ್ಮಕಥೆಯನ್ನೂ ಬರೆದರು. 2003ರಲ್ಲಿ ಪಾರ್ಶ್ವವಾಯು ಬಡಿದು ದೇಹದ ಎಡಭಾಗದ ಸ್ವಾಧೀನ ತಪ್ಪಿತು. ಆದರೂ ಚಿತ್ರ ಬರೆಯುವುದನ್ನು ಬಿಡಲಿಲ್ಲ. 2015ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನ, ತೊಂಬತ್ತಮೂರನೆಯ ವಯಸ್ಸಿನಲ್ಲಿ ಪುಣೆಯಲ್ಲಿ ತೀರಿಕೊಂಡರು. ಮಹಾರಾಷ್ಟ್ರ ಸರಕಾರ ಸಕಲ ಗೌರವಗಳೊಡನೆ ಅವರ ಅಂತ್ಯಕ್ರಿಯೆ ನಡೆಸಿತು.

ನಮ್ಮ ತಾಲೂಕಿನ ಶಾಲೆಗಳಲ್ಲಿ ಚಿತ್ರಕಲೆಯ ತಾಸು ಇಂದಿಗೂ ಬಹುಮಟ್ಟಿಗೆ ಬಿಡುವಿನ ತಾಸು. ಗಣಿತದ ಪಾಠ ಮುಗಿಯದಿದ್ದರೆ ಮೊದಲು ಬಲಿಯಾಗುವುದು ಅದೇ. ಅದು ಚಿತ್ರಕಾರರನ್ನು ಹುಟ್ಟಿಸುವ ತಾಸೆಂದು ನಾನು ಹೇಳುವುದಿಲ್ಲ. ನೋಡುವುದನ್ನು ಕಲಿಸುವ ತಾಸು ಅದು. ಗ್ರಾಮಸಭೆಯಲ್ಲಿ ಲೆಕ್ಕಪತ್ರ ಓದುವವನ ಮುಖವನ್ನು, ಕೆರೆಯ ಹೂಳು ತೆಗೆದೆವೆಂದು ಬರೆದ ಕಾಗದವನ್ನು, ಹೂಳು ಹಾಗೆಯೇ ಇರುವ ಕೆರೆಯನ್ನು ನೆಟ್ಟಗೆ ನೋಡಬಲ್ಲ ಪ್ರಜೆಗಳು ಈ ನಾಡಿಗೆ ಬೇಕಾಗಿದ್ದಾರೆ. ಉಪಾಧ್ಯಾಯ ಮಿತ್ರರು ಬರುವ ವಾರ ಆ ತಾಸನ್ನು ಗಣಿತಕ್ಕೆ ಕೊಡದಿರಲಿ. ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಎದುರಿಗೆ ಕೂತ ಕಾಗೆಯನ್ನು ಇದ್ದ ಹಾಗೆ ಬರೆಯಲು ಹೇಳಲಿ.